ಹಚ್ಚುವ ಮುನ್ನ ನೋಡಿರಿ



ಹಳೆಯ ಒಡಂಬಡಿಕೆಯ ಯಾಜಕಕಾಂಡದ 13ನೇ ಅಧ್ಯಾಯವನ್ನು ಓದಿದವರಿಗೆ, ಇದೇನು ಧರ್ಮಗ್ರಂಥವೋ ವೈದ್ಯರ ಕೈಪಿಡಿಯೋ ಎಂಬ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ. ಬಾವು, ಗುಳ್ಳೆ, ಬಿಳುಪಾದ ಮಚ್ಚೆ, ತಲೆ ಗಡ್ಡಗಳಲ್ಲಿನ ಹುರುಕು, ಎಲ್ಲವನ್ನೂ ಯಾಜಕನ ಬಳಿಗೆ ತಂದು ತೋರಿಸಬೇಕಾಗಿತ್ತು. ಆದರೆ ಆ ಯಾಜಕನು ಯಾವ ಲೇಪವನ್ನೂ ಹಚ್ಚುವುದಿಲ್ಲ. ನೋಡುತ್ತಾನೆ. ಸಂದೇಹವಿದ್ದರೆ ಏಳು ದಿನ ಬಿಟ್ಟು ಮತ್ತೆ ನೋಡುತ್ತಾನೆ. ಮಚ್ಚೆ ಹರಡಿದೆಯೇ, ಇದ್ದಲ್ಲೇ ನಿಂತಿದೆಯೇ ಎಂದು ಪರೀಕ್ಷಿಸುತ್ತಾನೆ. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಮೊದಲು ಹಚ್ಚುತ್ತೇವೆ, ಕೆಟ್ಟ ಮೇಲೆ ನೋಡುತ್ತೇವೆ.

ಸ್ಕಂದಗಿರಿಯ ತಪ್ಪಲಿನ ಕಳವಾರದಿಂದ ಹಿಡಿದು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನವರೆಗೆ ನಮ್ಮ ಜನರದು ಮೈಮುರಿದು ದುಡಿಯುವ ಬದುಕು. ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ಬೆವರಿದ ಬಟ್ಟೆ ಮೈಮೇಲೆಯೇ ಒಣಗುತ್ತದೆ. ಇಂಥ ಕಡೆ ಮೊದಲು ಬರುವುದು ಹುಳುಕಡ್ಡಿ. ತೆಲುಗು ಮಾತಾಡುವ ಮನೆಗಳಲ್ಲಿ ಇದನ್ನೇ 'ತಾಮರ' ಎನ್ನುತ್ತಾರೆ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಹುಳುವಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರ. ತೊಡೆಸಂದಿ, ಕಂಕುಳು, ಲಂಗದ ಲಾಡಿ ಕಟ್ಟುವ ಸೊಂಟ ಇದರ ನೆಲೆಗಳು. ಬಳೆಯಂತೆ ದುಂಡಾಗಿ ಹರಡುತ್ತದೆ. ಅಂಚು ಕೆಂಪಾಗಿ ಉಬ್ಬಿ ಹೊಟ್ಟು ಏಳುತ್ತದೆ. ನಡುಭಾಗ ವಾಸಿಯಾದಂತೆ ಕಾಣುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ಕಷ್ಟವಾಗುವಂತೆ ಮಾಡುತ್ತಿರುವವರು ನಾವೇ. ಅಂಗಡಿಗೆ ಹೋಗಿ "ತುರಿಕೆಗೆ ಏನಾದರೂ ಕೊಡಿ" ಎನ್ನುತ್ತೇವೆ. ಸಿಗುವ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಬೆಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡೇ ದಿನದಲ್ಲಿ ತುರಿಕೆ ಮಾಯ! ಸ್ಟಿರಾಯ್ಡ್ ಅಡಗಿಸುವುದು ಚರ್ಮದ ಉರಿಯೂತವನ್ನು, ಶಿಲೀಂಧ್ರವನ್ನಲ್ಲ. ಚರ್ಮದ ಪ್ರತಿರೋಧ ಕುಗ್ಗಿದ್ದರಿಂದ ಅದು ಇನ್ನೂ ನಿರಾತಂಕವಾಗಿ ಬೆಳೆಯುತ್ತದೆ. ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಕಾರಣ ಬೇರೆ, ಲಕ್ಷಣ ಬೇರೆ ಎಂದು ಕಲಿಸುತ್ತಿದ್ದರು. ಆ ಪಾಠಕ್ಕೆ ಈ ಟ್ಯೂಬಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಚ್ಚುವುದನ್ನು ನಿಲ್ಲಿಸಿದೊಡನೆ ರೋಗ ಮರಳುತ್ತದೆ, ಮೊದಲಿಗಿಂತ ಅಗಲವಾಗಿ. ದುಂಡನೆಯ ಅಂಚು ಕಲಸಿಹೋಗಿ ವೈದ್ಯರಿಗೇ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಬಿರುಕುಗೆರೆಗಳು ಮೂಡುತ್ತವೆ, ಅವು ಅಳಿಯುವುದಿಲ್ಲ.

ಇದು ನಮ್ಮ ತಾಲ್ಲೂಕಿನ ಕತೆ ಮಾತ್ರವಲ್ಲ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. 2020ರಲ್ಲಿ ಜಪಾನಿನ ವಿಜ್ಞಾನಿಗಳು, ಪ್ರಚಲಿತ ಔಷಧಿಯಾದ ಟರ್ಬಿನಾಫಿನ್‌ಗೂ ಜಗ್ಗದ ಒಂದು ಹುಳುಕಡ್ಡಿ ಶಿಲೀಂಧ್ರಕ್ಕೆ ಹೆಸರಿಟ್ಟರು: ಟ್ರೈಕೋಫೈಟನ್ ಇಂಡೋಟಿನಿಯೆ. ಆ ಹೆಸರಿನಲ್ಲಿ ಭಾರತವೇ ಇದೆ. ಹೆಮ್ಮೆಪಡುವ ವಿಷಯವಲ್ಲ.

ಹಾಗಾದರೆ ಮಾಡಬೇಕಾದುದೇನು? ಸಣ್ಣ ಮಚ್ಚೆಯಾದರೆ ಸ್ಟಿರಾಯ್ಡ್ ಬೆರೆಸದ ಕ್ಲೊಟ್ರಿಮಜೋಲ್‌ನಂಥ ಮುಲಾಮು ಸಾಕು. ಟ್ಯೂಬಿನ ಮೇಲೆ ಒಂದೇ ಔಷಧಿಯ ಹೆಸರಿದೆಯೇ ಎಂದು ಓದುಬಲ್ಲ ಮಕ್ಕಳಿಂದ ಓದಿಸಿರಿ. ಅಂಚಿನಿಂದ ಎರಡು ಬೆರಳಗಲ ಆಚೆಗೂ ದಿನಕ್ಕೆರಡು ಬಾರಿ ಹಚ್ಚಿರಿ. ಮಚ್ಚೆ ಮಾಯವಾದ ಮೇಲೂ ಎರಡು ವಾರ ಬಿಡಬೇಡಿರಿ. ಅಗಲವಾಗಿ ಹರಡಿದ್ದರೆ ಮಾತ್ರೆ ಬೇಕಾಗುತ್ತದೆ, ಅದನ್ನು ವೈದ್ಯರೇ ಬರೆದುಕೊಡಬೇಕು. ಟವೆಲು ಬೇರೆಬೇರೆ ಇರಲಿ. ನಮ್ಮ ಹೆಣ್ಣುಮಕ್ಕಳು ಒಳಉಡುಪನ್ನು ಸೀರೆಯಡಿ ಮರೆಮಾಡಿ ನೆರಳಲ್ಲಿ ಒಣಗಿಸುತ್ತಾರೆ. ಅರೆಒಣಗಿದ್ದನ್ನೇ ಮತ್ತೆ ಉಡುತ್ತಾರೆ. ತಾಯಂದಿರೇ, ಬಿಸಿಲಿಗೆ ಹಾಕುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಕಾಣುವುದು ಇನ್ನೊಂದು ಬಗೆ. ರೇಷ್ಮೆಗೂಡು ಬೇಯಿಸಿದ ಬಿಸಿನೀರಿನಲ್ಲಿ ದಿನವಿಡೀ ಕೈ ಅದ್ದಿದವರ ಬೆರಳಸಂದಿ ಬೆಳ್ಳಗೆ ನೆನೆದು ಕಿತ್ತುಹೋಗುತ್ತದೆ, ಉಗುರಿನ ಬುಡ ಊದುತ್ತದೆ. ಅಲ್ಲಿ ಸೇರುವುದು ಬೇರೊಂದು ಶಿಲೀಂಧ್ರ. ಕೈಗವಸು ಹಾಕಿಕೊಳ್ಳಿ ಎಂದು ಹೇಳುವುದು ಸುಲಭ; ಎಳೆಯ ತುದಿ ಬೆರಳಿಗೆ ಸಿಗಬೇಡವೇ? ಬಿಡುವಾದಾಗಲೆಲ್ಲ ಬೆರಳಸಂದಿಯನ್ನು ಒಣಬಟ್ಟೆಯಿಂದ ಒರೆಸುವುದು, ರಾತ್ರಿ ಔಷಧಿ ಹಚ್ಚುವುದು, ಇಷ್ಟನ್ನಾದರೂ ಮಾಡಬಹುದು.

ಕಜ್ಜಿಯ ಗುರುತು ರಾತ್ರಿಯ ತುರಿಕೆ. ಬೆರಳಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಗುಪ್ತಾಂಗಗಳಲ್ಲಿ ಸಣ್ಣ ಗುಳ್ಳೆಗಳು. ಮನೆಯಲ್ಲಿ ಒಬ್ಬರಿಗಲ್ಲ, ಇಬ್ಬರು ಮೂವರಿಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವೊಂದು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಇಟಲಿಯ ಬೊನೊಮೊ ಎಂಬ ವೈದ್ಯ 1687ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದ. ಆದರೂ ಕಜ್ಜಿಯನ್ನು ಶಾಪವೆಂದೋ ಕೊಳಕರ ರೋಗವೆಂದೋ ಮುಚ್ಚಿಡುವುದು ನಿಂತಿಲ್ಲ. ಮುಚ್ಚಿಟ್ಟಷ್ಟೂ ಹರಡುತ್ತದೆ. ಹುಳು ಸೇರಿದ ಮೇಲೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು; ಆದುದರಿಂದ "ನನಗೇನೂ ಇಲ್ಲ" ಎನ್ನುವ ಯಜಮಾನರ ಮೈಯಲ್ಲೂ ಅದು ಇದ್ದೀತು.

ಐದು ಶೇಕಡಾ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನಡಿಯನ್ನೂ ಬಿಡದೆ ಹಚ್ಚಿ, ಬೆಳಿಗ್ಗೆ ಸ್ನಾನಮಾಡಬೇಕು. ಮನೆಯವರೆಲ್ಲರೂ ಒಂದೇ ರಾತ್ರಿ. ವಾರದ ಮೇಲೆ ಇನ್ನೊಮ್ಮೆ. ಕೂಸುಗಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ ಕಂಬಳಿಯನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಹುಳು ತಾನಾಗಿ ಸಾಯುತ್ತದೆ. ಒಬ್ಬರು ತಪ್ಪಿಸಿಕೊಂಡರೂ ಎಲ್ಲರ ಶ್ರಮ ವ್ಯರ್ಥ. ಹಾಸ್ಟೆಲಿನಿಂದ ರಜೆಗೆ ಬಂದ ಮಗುವನ್ನು ವಾಸಿಮಾಡಿ ಕಳಿಸಿದರೆ ಸಾಲದು, ಹಾಸ್ಟೆಲಿಗೂ ತಿಳಿಸಿರಿ. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದುಂಟು. ಔಷಧಿ ಕೆಲಸಮಾಡಲಿಲ್ಲವೆಂದು ದಿನವೂ ಹಚ್ಚಬೇಡಿರಿ.

ಮಕ್ಕಳು ಕೆರೆದ ಕಜ್ಜಿ ಕೀವಾಗಿ, ಮೂಗು ಬಾಯಿಯ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಉದಾಸೀನ ಬೇಡ. ಸುಣ್ಣ, ಬೂದಿ, ಹೊಗೆಸೊಪ್ಪು ಯಾವುದನ್ನೂ ಹಚ್ಚದೆ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ತೋರಿಸಿರಿ. ಕೆಲವೊಮ್ಮೆ ಇದೇ ಕೀವಿನ ರೋಗಾಣುವಿನಿಂದ, ಹುಣ್ಣು ಮಾಗಿ ಎರಡು ಮೂರು ವಾರ ಕಳೆದ ಮೇಲೆ, ಮೂತ್ರಪಿಂಡ ಕೆಡುತ್ತದೆ. ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊದಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾದರೆ ಅಥವಾ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ ಕಾಯಿಲೆಯ ಹಿರಿಯರ ಹಿಮ್ಮಡಿಯ ಬಿರುಕಿನ ಮೇಲೂ ಕಣ್ಣಿರಲಿ. ಕಾಲು ಕೆಂಪೇರಿ ಬಿಸಿಯಾಗಿ ಊದಿಕೊಂಡರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊರಡಿರಿ. ಕೆಂಪು ಗೆರೆ ದಾಟುತ್ತಿದೆಯೇ ಎಂಬುದು ವೈದ್ಯರಿಗೆ ಉಪಯುಕ್ತ. ಜ್ವರವೂ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿರಿ.

ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸುವ ವಾಡಿಕೆ ನಮ್ಮಲ್ಲಿದೆ. ಹೆಡೆ ಬಾಲ ಕೂಡಿದರೆ ಸಾವು ಎಂಬ ಹೆದರಿಕೆ ಸುಳ್ಳು. ಹಿಂದೆಂದೋ ಬಂದ ಸೀತಾಳೆಸಿಡುಬಿನ ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ಎದ್ದಿರುತ್ತದೆ, ಅಷ್ಟೆ. ಮೈಯ ಒಂದೇ ಪಕ್ಕದಲ್ಲಿ ಉರಿಯೊಡನೆ ನೀರ್ಗುಳ್ಳೆಗಳ ಪಟ್ಟಿ ಎದ್ದರೆ, ಮೂರು ದಿನದೊಳಗೆ ಮಾತ್ರೆ ಆರಂಭಿಸಿದಾಗ ಗುಣ ಹೆಚ್ಚು. ಕೆಮ್ಮಣ್ಣಿನವರನ್ನು ಹುಡುಕುತ್ತಾ ಕಳೆಯುವುದು ಆ ಮೂರು ದಿನಗಳನ್ನೇ. ಹಣೆಗೆ, ಮೂಗಿನ ತುದಿಗೆ ಬಂದರೆ ಕಣ್ಣಿಗೇ ಅಪಾಯ.

ತುರಿಸುವ ಮಚ್ಚೆಗೆ ಗಾಬರಿಯಾಗುವ ನಾವು ತುರಿಸದ ಮಚ್ಚೆಯನ್ನು ಮರೆಯುತ್ತೇವೆ. ಮಂಕಾದ ಅಥವಾ ಕೆಂಪು ಛಾಯೆಯ ಮಚ್ಚೆಯ ಮೇಲೆ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿ ನೋಡಿರಿ. ಸ್ಪರ್ಶ ತಿಳಿಯದಿದ್ದರೆ ಕುಷ್ಠವಿರಬಹುದು. ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿ ಗುಣಪಡಿಸಿದ ಮೇಲೂ, ಹೋಗಿ ಯಾಜಕನಿಗೆ ಮೈ ತೋರಿಸು ಎಂದು ಆಜ್ಞಾಪಿಸಿದರೆಂದು ಸಂತ ಮಾರ್ಕನು ಬರೆದಿದ್ದಾನೆ. ಇಂದು ತೋರಿಸಬೇಕಾದುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಮಾತ್ರೆ ಉಚಿತ. ರೋಗದ ಬಗೆಯನ್ನು ನೋಡಿ ಆರು ತಿಂಗಳು ಅಥವಾ ಒಂದು ವರ್ಷ ಕೊಡುತ್ತಾರೆ. ಬೇಗ ಆರಂಭಿಸಿದವರ ಬೆರಳು ಮಡಿಚಿಕೊಳ್ಳದಂತೆ ತಡೆಯಬಹುದು. ಮನೆಯವರನ್ನೂ ಅದೇ ದಿನ ಪರೀಕ್ಷಿಸಲು ಕೇಳಿಕೊಳ್ಳಿರಿ.