ಸಕ್ಕರೆ ಕಾಯಿಲೆಗೆ ಬಲವರ್ಧಕ ವ್ಯಾಯಾಮ

ಕೃಷ್ಣರಾಜಪುರದಿಂದ ಹಳೇ ಮದ್ರಾಸು ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ, ಒಂದು ಕಾಲಕ್ಕೆ ರಾಗಿ ಹೊಲಗಳಿದ್ದ ಕಡೆ ಇಂದು ಬಡಾವಣೆಗಳೂ ಗೋದಾಮುಗಳೂ ಎದ್ದಿರುವುದನ್ನು ಕಾಣುತ್ತೇವೆ. ಸುತ್ತಲಿನ ಹಳ್ಳಿಗಳ ಅನೇಕ ಮನೆಗಳಲ್ಲಿ ಅಗೆಯುವ, ಹೊರುವ, ನೀರು ಸೇದುವ ಕೆಲಸಗಳು ನಿಂತಿವೆ. ಮುದ್ದೆಯ ಗಾತ್ರ ಮಾತ್ರ ಕುಗ್ಗಿಲ್ಲ. ಮಧುಮೇಹವು ಇಂಥ ಮನೆಗಳನ್ನು ಸುಲಭವಾಗಿ ಹೊಗುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆಯಿದೆ.

ಹಿಂದೆ ರೈತರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರಷ್ಟೆ. ಶರೀರದಲ್ಲಿ ಸಕ್ಕರೆಗೆ ಅಂಥ ಹಗೇವುಗಳಲ್ಲಿ ಮುಖ್ಯವಾದುದು ಸ್ನಾಯು. ಊಟದ ನಂತರ ರಕ್ತಕ್ಕೆ ಸೇರಿದ ಸಕ್ಕರೆಯ ದೊಡ್ಡ ಪಾಲನ್ನು ತೊಡೆ, ಬೆನ್ನು, ತೋಳುಗಳ ಸ್ನಾಯುಗಳು ಸೆಳೆದುಕೊಳ್ಳುತ್ತವೆ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಬಲ್ಲದು. ಈ ಗುಣವು ವ್ಯಾಯಾಮದ ನಂತರವೂ ಕೆಲವು ಗಂಟೆಗಳ ಕಾಲ ಉಳಿಯುತ್ತದೆ. ಕೆಲಸವಿಲ್ಲದೆ ಸ್ನಾಯು ಸೊರಗಿದರೆ ಹಗೇವೇ ಕಿರಿದಾಗುತ್ತದೆ. ಸ್ನಾಯುವನ್ನು ಬೆಳೆಸಲು ನಡಿಗೆಯೊಂದೇ ಸಾಲದು. ಹಾಗೆಂದು ನಡಿಗೆಯನ್ನು ಬಿಡಬಾರದು. ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ ಇದ್ದೇ ಇರಬೇಕು.

"ಮನೆಗೆಲಸವೇ ಬೇಕಾದಷ್ಟಿದೆ, ವ್ಯಾಯಾಮವೇಕೆ?" ಎಂದು ಗೃಹಿಣಿಯರು ಕೇಳುವುದು ಸಹಜ. ಬೀಸುಕಲ್ಲು, ಒನಕೆ, ಬಾವಿಯ ಹಗ್ಗ ಇದ್ದ ದಿನಗಳಲ್ಲಿ ಈ ಮಾತು ಸರಿಯಾಗಿತ್ತು. ಗಿರಣಿ, ಮಿಕ್ಸಿ, ನಲ್ಲಿ ಬಂದ ಮೇಲೆ ಆಯಾಸ ಉಳಿಯಿತು, ಭಾರವೆತ್ತುವ ಕೆಲಸ ಹೋಯಿತು. ಇಂದಿಗೂ ಮೂಟೆ ಹೊತ್ತು ಬದುಕುವವರಿಗೆ ಈ ಪಾಠವನ್ನು ಹೇಳಬೇಕಾಗಿಲ್ಲ.

ವ್ಯಾಯಾಮಕ್ಕೆ ಹಣ ಖರ್ಚಾಗದು. ಕೈಯೂರದೆ ಜಗಲಿಯ ಮೇಲಿಂದ ಎದ್ದು ಮತ್ತೆ ನಿಧಾನವಾಗಿ ಕುಳಿತುಕೊಳ್ಳಿರಿ. ಗೋಡೆಗೆ ಅಂಗೈಗಳನ್ನು ಊರಿ, ಮೊಣಕೈ ಮಡಿಸಿ ಎದೆಯನ್ನು ಗೋಡೆಯ ಸಮೀಪಕ್ಕೆ ತಂದು ಹಿಂದಕ್ಕೆ ತಳ್ಳಿರಿ. ಒಂದು ಲೀಟರಿನ ಎರಡು ಬಾಟಲಿಗಳಲ್ಲಿ ನೀರು ತುಂಬಿ, ಸೊಂಟದಿಂದ ಭುಜದವರೆಗೆ ಎತ್ತಿ ಇಳಿಸಿರಿ. ಒಂದೊಂದನ್ನೂ 8ರಿಂದ 12 ಬಾರಿ ಮಾಡಿ, ಸ್ವಲ್ಪ ವಿಶ್ರಮಿಸಿ, ಪುನಃ ಒಮ್ಮೆ ಮಾಡುವುದು. ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು. ಸುಲಭವಾದಾಗ ನೀರಿನ ಬದಲು ಮರಳು ತುಂಬಿರಿ. ಉಸಿರು ಬಿಗಿಹಿಡಿಯಕೂಡದು. ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವಿರಲಿ. ಪತಿಪತ್ನಿಯರು ಒಟ್ಟಿಗೆ ಮಾಡಿದರೆ ಒಬ್ಬರು ಎಣಿಸಬಹುದು, ಒಬ್ಬರ ಸೋಮಾರಿತನವನ್ನು ಇನ್ನೊಬ್ಬರು ತಡೆಯಬಹುದು.

ಕಣ್ಣಿನ ಒಳಪದರದಲ್ಲಿ ರಕ್ತಸ್ರಾವವಾದವರು, ರಕ್ತದ ಒತ್ತಡ ಹತೋಟಿಗೆ ಬಾರದವರು, ಹೃದ್ರೋಗಿಗಳು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ಮಾಡಬಾರದು.

ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ವ್ಯಾಯಾಮದಿಂದ ಸಕ್ಕರೆಯು ಮಿತಿಮೀರಿ ಇಳಿಯಬಹುದು; ಕೆಲವೊಮ್ಮೆ ಅದೇ ರಾತ್ರಿ ಇಳಿಯುವುದೂ ಉಂಟು. ಬೆವರು, ನಡುಕ, ಹಸಿವು, ಮಾತಿನಲ್ಲಿ ತೊದಲು ಇದರ ಲಕ್ಷಣಗಳು. ರೋಗಿಗೆ ತಾನೇ ತಿಳಿಯದಿರಬಹುದಾದ್ದರಿಂದ ಇದನ್ನು ಸಂಗಾತಿಯೂ ಬಲ್ಲವರಾಗಿರಬೇಕು. ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. 15 ನಿಮಿಷಗಳಲ್ಲಿ ಚೇತರಿಸದಿದ್ದರೆ ಪುನಃ ಕೊಡಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಸಕ್ಕರೆ ಇಳಿಯಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿರಿ. ಮೂರು ತಿಂಗಳು ಬಿಡದೆ ಮಾಡಿದ ಮೇಲೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿ, ಹಳೆಯ ಚೀಟಿಯೊಡನೆ ವೈದ್ಯರಿಗೆ ತೋರಿಸಿರಿ. ಔಷಧದ ಪ್ರಮಾಣವನ್ನು ಇಳಿಸಬಹುದೇ ಎಂಬುದನ್ನು ಅವರು ನಿರ್ಧರಿಸುವರು.