ಲೇಪಾಕ್ಷಿಯಿಂದ ಒಲಿಂಪಸ್‌ಗೆ: ಗ್ರೀಕ್, ರೋಮನ್ ಪುರಾಣ ಓದುವುದು ಹೇಗೆ?

ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು ಹದಿನೈದು ಕಿಲೋಮೀಟರ್. ರಾವಣನ ಕತ್ತಿಗೆ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಇಲ್ಲೇ, ‘ಲೇ ಪಕ್ಷಿ’ ಎಂದು ರಾಮ ಅವನನ್ನು ಎಬ್ಬಿಸಿದ್ದರಿಂದಲೇ ಊರಿಗೆ ಈ ಹೆಸರು ಎನ್ನುತ್ತದೆ ಸ್ಥಳಪುರಾಣ. ಪ್ರವಾಸಕ್ಕೆ ಬರುವ ಶಾಲಾ ಮಕ್ಕಳಿಗೆ ಈ ಕಥೆಯನ್ನು ಯಾರೂ ಮೊದಲಿಂದ ಬಿಡಿಸಿ ಹೇಳಬೇಕಿಲ್ಲ. ಜಟಾಯು ಯಾರು, ಅವನ ಅಣ್ಣ ಸಂಪಾತಿ ಯಾರು, ಸೂರ್ಯನ ಹತ್ತಿರ ಹಾರಲು ಹೋಗಿ ಅವರಿಗೆ ಏನಾಯಿತು ಎಂಬುದೆಲ್ಲ ಮನೆಯಲ್ಲೇ ಕಿವಿಗೆ ಬಿದ್ದಿರುತ್ತದೆ. ಅದೇ ಮಕ್ಕಳ ಕೈಗೆ ಗ್ರೀಕ್ ಪುರಾಣಗಳ ಪುಸ್ತಕ ಕೊಟ್ಟು ನೋಡಿ, ಮೂರನೇ ಪುಟಕ್ಕೇ ಮುಚ್ಚಿಡುತ್ತಾರೆ. ಒಂದೇ ಪುಟದಲ್ಲಿ ಇಪ್ಪತ್ತು ಹೆಸರು, ಯಾರು ಯಾರ ಮಗ, ಯಾರು ಯಾರನ್ನು ನುಂಗಿದರು ಎಂಬ ಗೊಂದಲ. ದೊಡ್ಡವರ ಪಾಡೂ ಅಷ್ಟೇ.

ಕಥೆಗಳು ಕಷ್ಟವಾದವಲ್ಲ. ಎಲ್ಲಿಂದ ಹಿಡಿಯಬೇಕು ಎಂಬುದು ತಿಳಿಯದೆ ಓದು ನಿಂತುಹೋಗುತ್ತದೆ. ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ ಕಡೆಯ ಕನ್ನಡ ಓದುಗರಿಗಂತೂ ಇಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂದು ಬೆಳೆದವರಿಗೆ ಒಂದೇ ವಸ್ತುವನ್ನು ಎರಡು ಹೆಸರಿನಿಂದ ಕರೆಯುವುದು ಹೊಸದೇನಲ್ಲ. ಗ್ರೀಕ್, ರೋಮನ್ ಪುರಾಣದ ಅರ್ಧ ತೊಡಕು ಇರುವುದೇ ಈ ಎರಡು ಹೆಸರುಗಳಲ್ಲಿ.

ಮೊದಲು ಪುಸ್ತಕದ ಆಯ್ಕೆ

ಇಂಗ್ಲಿಷಿನಲ್ಲಿ ಇಂಥ ಸಂಗ್ರಹಗಳು ಹೇರಳವಾಗಿವೆ, ಆದರೆ ಎಲ್ಲವೂ ಹೊಸಬರಿಗೆ ತಕ್ಕವಲ್ಲ. ಎಡಿತ್ ಹ್ಯಾಮಿಲ್ಟನ್ ಅವರ ‘ಮೈಥಾಲಜಿ’ 1942ರದು. ಕಥೆಯನ್ನು ಯಾವ ಪ್ರಾಚೀನ ಕವಿಯಿಂದ ತೆಗೆದುಕೊಂಡಿದ್ದೇನೆ ಎಂದು ಅವರು ಆರಂಭದಲ್ಲೇ ಹೇಳಿಬಿಡುತ್ತಾರೆ. ಮೊದಲ ಓದಿಗೆ ಇದಕ್ಕಿಂತ ಒಳ್ಳೆಯ ಜತೆಗಾರ ಸಿಗುವುದು ಕಷ್ಟ. ಬಾಸ್ಟನ್ನಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದ ಥಾಮಸ್ ಬುಲ್‌ಫಿಂಚ್ 1855ರಲ್ಲಿ ತಂದ ‘ದಿ ಏಜ್ ಆಫ್ ಫೇಬಲ್’ ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕ, ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ದೇವತೆಗಳಿಗೆ ಹೆಚ್ಚಾಗಿ ರೋಮನ್ ಹೆಸರುಗಳಿವೆ ಎಂಬುದು ನೆನಪಿರಲಿ. ಹೈಸ್ಕೂಲು ಮಕ್ಕಳಿಗೆ ರೋಜರ್ ಲ್ಯಾನ್ಸಲಿನ್ ಗ್ರೀನ್ ಅವರ ‘ಟೇಲ್ಸ್ ಆಫ್ ದಿ ಗ್ರೀಕ್ ಹೀರೋಸ್’ (1958), ಹರಟೆಯ ಧಾಟಿ ಇಷ್ಟಪಡುವವರಿಗೆ ಸ್ಟೀಫನ್ ಫ್ರೈ ಅವರ ‘ಮಿಥೋಸ್’ (2017) ಒಗ್ಗುತ್ತವೆ. ರಾಬರ್ಟ್ ಗ್ರೇವ್ಸ್ ಅವರ ಎರಡು ಸಂಪುಟಗಳನ್ನು ಮಾತ್ರ ಆರಂಭದಲ್ಲೇ ಮುಟ್ಟಬೇಡಿ. ಅಲ್ಲಿನ ಟಿಪ್ಪಣಿಗಳ ರಾಶಿ ಹೊಸ ಓದುಗರನ್ನು ಹೆದರಿಸಿ ಓಡಿಸುತ್ತದೆ.

ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ನೋಡಬೇಕಾದ್ದು ಎರಡೇ: ಕೊನೆಯಲ್ಲಿ ಹೆಸರುಗಳ ಸೂಚಿ ಇದೆಯೇ, ವಂಶವೃಕ್ಷ ಇದೆಯೇ? ಇವೆರಡೂ ಇಲ್ಲದಿದ್ದರೆ ಬೇರೆಯದನ್ನು ಹುಡುಕಿ.

ಹೆಸರುಗಳಿಗೆ ವಾರದ ಏಣಿ

ನೋಟ್‌ಪುಸ್ತಕದ ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಒಂದು ಕಡೆ ಗ್ರೀಕ್ ಹೆಸರು, ಇನ್ನೊಂದು ಕಡೆ ರೋಮನ್ ಹೆಸರು ಬರೆಯಿರಿ. ಕನ್ನಡ ಅಕ್ಷರದಲ್ಲೇ ಬರೆಯಿರಿ. ಒಮ್ಮೆ ಕೈಯಾರೆ ಬರೆದ ಹೆಸರು ನಾಲಿಗೆಗೆ ಬೇಗ ಒಗ್ಗುತ್ತದೆ. ಜ್ಯೂಸ್ ಎಂದರೆ ಜೂಪಿಟರ್, ಆರೀಸ್ ಎಂದರೆ ಮಾರ್ಸ್, ಹರ್ಮೀಸ್ ಎಂದರೆ ಮರ್ಕ್ಯುರಿ, ಆಫ್ರೊಡೈಟಿ ಎಂದರೆ ವೀನಸ್, ಕ್ರೋನಸ್ ಎಂದರೆ ಸ್ಯಾಟರ್ನ್.

ಈ ಐವರನ್ನು ನೆನಪಿಡಲು ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ರೋಮನರು ಮಾರ್ಸ್‌ನ ದಿನ ಎಂದದ್ದು ನಮ್ಮ ಮಂಗಳವಾರವನ್ನು, ಮರ್ಕ್ಯುರಿಯ ದಿನ ಬುಧವಾರ, ಜೂಪಿಟರನ ದಿನ ಗುರುವಾರ, ವೀನಸಳ ದಿನ ಶುಕ್ರವಾರ, ಸ್ಯಾಟರ್ನನ ದಿನ ಶನಿವಾರ. ಗ್ರಹಗಳ ಈ ಸರಣಿ ಗ್ರೀಕ್ ಜ್ಯೋತಿಷದ ಜತೆ ಭಾರತಕ್ಕೆ ಬಂತು. ಮಧ್ಯಪ್ರದೇಶದ ಎರಣ್‌ನಲ್ಲಿರುವ ಕ್ರಿ.ಶ. 484ರ ಕಂಬದ ಶಾಸನದಲ್ಲಿ ಆಗಲೇ ಗುರುವಾರದ ಹೆಸರಿದೆ. ದಿನಕ್ಕೆ ಹತ್ತು ಸಲ ಬಳಸುವ ‘ಕೇಂದ್ರ’ ಎಂಬ ಪದವೂ, ಪಂಚಾಂಗದ ‘ಹೋರಾ’ ಎಂಬ ಪದವೂ ಗ್ರೀಕ್ ಮೂಲದವು.

ರಾಶಿಗಳೂ ಹೀಗೆಯೇ ಕೈಹಿಡಿಯುತ್ತವೆ. ಗ್ರೀಕ್ ವೀರ ಹೆರಾಕ್ಲೀಸ್ ಕೊಂದ ನೆಮಿಯಾದ ಸಿಂಹ ಸಿಂಹರಾಶಿ, ಹೈಡ್ರಾ ಎಂಬ ಬಹುತಲೆಯ ಹಾವಿನೊಡನೆ ಅವನು ಹೋರಾಡುವಾಗ ಕಾಲು ಕಚ್ಚಿದ ಏಡಿ ಕರ್ಕಾಟಕ, ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿಗಳು ಮಿಥುನ, ಚಿನ್ನದ ತುಪ್ಪಳದ ಟಗರು ಮೇಷ. ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳ ಬಯಲಲ್ಲಿ ಮೋಡವಿಲ್ಲದ ರಾತ್ರಿ ನಿಂತರೆ ಇಡೀ ಪುರಾಣ ತಲೆಯ ಮೇಲೇ ಇರುತ್ತದೆ.

ಸೃಷ್ಟಿಯಿಂದ ಶುರು ಮಾಡಬೇಡಿ

ಬಹುತೇಕ ಸಂಗ್ರಹಗಳು ಸೃಷ್ಟಿಯ ಕಥೆಯಿಂದ ತೆರೆದುಕೊಳ್ಳುತ್ತವೆ. ಅದಕ್ಕೆ ಮೂಲ ಹೆಸಿಯಡ್ ಕವಿಯ ‘ಥಿಯೊಗೊನಿ’. ಸಾವಿರ ಸಾಲಿನ ಆ ಕಾವ್ಯವೆಂದರೆ ದೇವತೆಗಳ ಹುಟ್ಟಿನ ಪಟ್ಟಿ. ಮಹಾಭಾರತ ಓದಲು ಹೊರಟವರು ಚಂದ್ರವಂಶದ ಹೆಸರುಗಳನ್ನು ಬಾಯಿಪಾಠ ಮಾಡಲು ಕೂತ ಹಾಗಾಗುತ್ತದೆ. ಆ ಅಧ್ಯಾಯವನ್ನು ಪಕ್ಕಕ್ಕಿಟ್ಟು, ರೋಮನ್ ಕವಿ ಓವಿಡ್‌ನಿಂದ ಬಂದ ಸಣ್ಣ ಕಥೆಗಳನ್ನು ಸೂಚಿಯಲ್ಲಿ ಹುಡುಕಿ ಮೊದಲು ಓದಿ. ಅವನ ‘ಮೆಟಮಾರ್ಫಸಿಸ್’ 15 ಭಾಗಗಳ ಕಾವ್ಯ, ಸುಮಾರು 250 ಕಥೆಗಳ ಕಣಜ. ಅದು ಮುಗಿದ ಹೊತ್ತಿಗೆ, ಕ್ರಿ.ಶ. 8ರಲ್ಲಿ, ಚಕ್ರವರ್ತಿ ಅಗಸ್ಟಸ್ ಅವನನ್ನು ಕಪ್ಪು ಸಮುದ್ರದ ದಡಕ್ಕೆ ಗಡಿಪಾರು ಮಾಡಿದ.

ಮೊದಲ ದಿನ ಇಕಾರಸ್. ಡೇಡಲಸ್ ಎಂಬ ಕುಶಲಕರ್ಮಿ ಸೆರೆಯಿಂದ ತಪ್ಪಿಸಿಕೊಳ್ಳಲು ತನಗೂ ಮಗನಿಗೂ ಗರಿ ಮತ್ತು ಮೇಣದ ರೆಕ್ಕೆ ಕಟ್ಟುತ್ತಾನೆ, ತೀರಾ ಮೇಲೆ ಹಾರಬೇಡವೆಂದು ಎಚ್ಚರಿಸುತ್ತಾನೆ. ಮಗ ಮೇಲೇರುತ್ತಾನೆ, ಮೇಣ ಕರಗುತ್ತದೆ, ಅವನು ಸಮುದ್ರಕ್ಕೆ ಬೀಳುತ್ತಾನೆ. ಸಂಪಾತಿಯನ್ನು ಬಲ್ಲವರಿಗೆ ಇದು ಗುರುತಿನ ಕಥೆ. ಆದರೆ ಗುರುತು ಹತ್ತಿದ ಕೂಡಲೇ ‘ಓ, ನಮ್ಮದೇ ಕಥೆ’ ಎಂದು ಪುಸ್ತಕ ಮಡಚಬಾರದು. ಸಂಪಾತಿ ತಮ್ಮನ ಮೇಲೆ ರೆಕ್ಕೆ ಹರಡಿ ತಾನೇ ಸುಟ್ಟುಕೊಂಡ. ಡೇಡಲಸ್ ಮುಂದೆ ಹಾರುತ್ತಿದ್ದ, ತಿರುಗಿ ನೋಡುವಷ್ಟರಲ್ಲಿ ನೀರಿನ ಮೇಲೆ ಗರಿಗಳಷ್ಟೇ ತೇಲುತ್ತಿದ್ದವು. ಎರಡು ಕಥೆ ಒಂದೇ ದಾರಿಯಲ್ಲಿ ನಡೆದು ಎಲ್ಲಿ ಕವಲೊಡೆಯುತ್ತವೋ ಅಲ್ಲಿ ಒಂದು ಗೆರೆ ಎಳೆಯಿರಿ. ಈ ಓದಿನ ನಿಜವಾದ ಲಾಭ ಆ ಕವಲಿನಲ್ಲಿದೆ.

ಎರಡನೆಯ ದಿನಕ್ಕೆ ಕ್ಯಾಲಿಡಾನ್ ಎಂಬ ಊರಿನ ಹಂದಿಬೇಟೆ. ಲೇಪಾಕ್ಷಿ ಗುಡಿಯ ಚಾವಣಿಯ ಚಿತ್ರಗಳಲ್ಲಿ ಕಿರಾತಾರ್ಜುನೀಯವೂ ಇದೆ. ಹಂದಿಯ ಮೈಗೆ ಅರ್ಜುನನ ಬಾಣವೂ ಬೇಡರ ವೇಷದ ಶಿವನ ಬಾಣವೂ ನೆಟ್ಟು, ‘ಹೊಡೆದದ್ದು ಯಾರು’ ಎಂದು ಜಗಳ ಹುಟ್ಟುತ್ತದೆ. ಕ್ಯಾಲಿಡಾನಿನಲ್ಲೂ ಜಗಳ ಅದೇ. ರಾಜ ಈನ್ಯೂಸ್ ಸುಗ್ಗಿಯ ಪೂಜೆಯಲ್ಲಿ ಆರ್ಟೆಮಿಸ್ ದೇವಿಯನ್ನು ಮರೆತದ್ದಕ್ಕೆ ಅವಳು ಹಂದಿಯೊಂದನ್ನು ಹೊಲಗಳಿಗೆ ನುಗ್ಗಿಸುತ್ತಾಳೆ. ಬೇಟೆಗೆ ಬಂದ ವೀರರ ನಡುವೆ ಅಟಲಾಂಟಾ ಎಂಬ ಹೆಣ್ಣುಮಗಳ ಬಾಣವೇ ಮೊದಲು ರಕ್ತ ಚೆಲ್ಲಿಸುತ್ತದೆ. ಹಂದಿಯನ್ನು ಕೊಂದ ರಾಜಕುಮಾರ ಮೆಲಿಯೇಜರ್ ಅದರ ತಲೆ, ಚರ್ಮಗಳನ್ನು ಅವಳಿಗೆ ಕೊಡುತ್ತಾನೆ. ಹೆಂಗಸಿಗೆ ಈ ಮರ್ಯಾದೆಯೇ ಎಂದು ಸೋದರಮಾವಂದಿರು ಕಿತ್ತುಕೊಳ್ಳುತ್ತಾರೆ, ಅವನು ಅವರಿಬ್ಬರನ್ನೂ ಕೊಲ್ಲುತ್ತಾನೆ.

ಮುಂದಿನದು ತಾಯಿ ಆಲ್ಥಿಯಾಳ ಕಥೆ. ಮೆಲಿಯೇಜರ್ ಹುಟ್ಟಿದಾಗ ವಿಧಿದೇವತೆಯರು ಒಲೆಯಲ್ಲಿದ್ದ ಕೊರಡೊಂದನ್ನು ತೋರಿಸಿ, ಇದು ಉರಿದು ಮುಗಿಯುವವರೆಗೆ ಇವನ ಆಯುಸ್ಸು ಎಂದಿದ್ದರು. ಅವಳು ಆ ಕೊರಡನ್ನು ನೀರೆರಚಿ ಆರಿಸಿ ಬಚ್ಚಿಟ್ಟಿದ್ದಳು. ಈಗ ಅಣ್ಣತಮ್ಮಂದಿರ ಹೆಣ ಕಂಡು ಅದನ್ನು ಹೊರತೆಗೆಯುತ್ತಾಳೆ. ನಾಲ್ಕು ಸಲ ಬೆಂಕಿಯತ್ತ ಚಾಚಿ ನಾಲ್ಕು ಸಲವೂ ಕೈ ಹಿಂದೆಗೆಯುತ್ತಾಳೆ ಎನ್ನುತ್ತಾನೆ ಓವಿಡ್. ಕೊನೆಗೆ ಮುಖ ತಿರುಗಿಸಿಕೊಂಡು ಎಸೆದುಬಿಡುತ್ತಾಳೆ. ಅರ್ಜುನನ ಜಗಳ ಪಾಶುಪತಾಸ್ತ್ರದ ವರದಲ್ಲಿ ಮುಗಿದರೆ, ಈ ಜಗಳ ಒಂದು ಮನೆಯನ್ನೇ ಸುಟ್ಟಿತು. ಈ ಭಾಗವನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ.

ಆಮೇಲೆ ಅರಾಕ್ನಿ. ಬಣ್ಣ ಹಾಕುವವನ ಮಗಳು, ನೇಯ್ಗೆಯಲ್ಲಿ ಅಥೀನಾ ದೇವಿಯನ್ನೇ ಪಂಥಕ್ಕೆ ಕರೆದವಳು. ಅವಳು ನೇಯ್ದ ಬಟ್ಟೆಯಲ್ಲಿ ದೇವರುಗಳ ತಪ್ಪುಗಳೇ ಚಿತ್ರಗಳಾಗಿದ್ದವು. ನೇಯ್ಗೆಯಲ್ಲಿ ಒಂದೂ ದೋಷ ಕಾಣದ ಅಥೀನಾ ಬಟ್ಟೆಯನ್ನು ಹರಿದು, ಲಾಳಿಯಿಂದ ಅವಳ ಹಣೆಗೆ ಹೊಡೆದಳು. ಅವಮಾನ ತಾಳದೆ ನೇಣಿಗೆ ಕೊರಳೊಡ್ಡಿದ ಹುಡುಗಿಯನ್ನು ಜೇಡವಾಗಿ ಮಾಡಿದಳು. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ, ಧರ್ಮಾವರದ ಮಗ್ಗಗಳು, ಸೀರೆಯ ಅಂಚಿಗೆ ಇಳಿದ ಲೇಪಾಕ್ಷಿ ಲತಾಮಂಟಪದ ಬಳ್ಳಿಗಳು, ಇವನ್ನೆಲ್ಲ ನೋಡಿದವರಿಗೆ ಆ ಹುಡುಗಿಯ ಹೆಮ್ಮೆ ಏನೆಂದು ವಿವರಿಸಬೇಕಿಲ್ಲ.

ಬಾಸಿಸ್ ಮತ್ತು ಫಿಲಿಮನ್ ಎಂಬ ಬಡ ಮುದುಕ ಮುದುಕಿಯನ್ನೂ ಬಿಡಬೇಡಿ. ವೇಷ ಮರೆಸಿ ಬಂದ ಜೂಪಿಟರ್ ಮತ್ತು ಮರ್ಕ್ಯುರಿಗೆ ಸಾವಿರ ಮನೆಗಳು ಕದ ಮುಚ್ಚಿದಾಗ ಬಾಗಿಲು ತೆರೆದವರು ಇವರಿಬ್ಬರೇ. ಮೇಜಿನ ಒಂದು ಕಾಲು ಗಿಡ್ಡವಾಗಿತ್ತು, ಮುದುಕಿ ಅದರಡಿಗೆ ಮಡಕೆಯ ಚೂರು ಇಟ್ಟು ಸಮ ಮಾಡಿದಳು. ಒಟ್ಟಿಗೇ ಸಾಯಬೇಕೆಂಬ ವರ ಬೇಡಿದ ಅವರು ಕೊನೆಗೆ ಅಕ್ಕಪಕ್ಕದ ಎರಡು ಮರಗಳಾದರು. ಕದಿರಿ ಕಡೆಯ ತಿಮ್ಮಮ್ಮ ಮರ್ರಿಮಾನು ನೋಡಿದವರು ಈ ಕಥೆಯನ್ನು ಅದರ ಜತೆಗಿಟ್ಟು ಓದಲಿ. 1434ರಲ್ಲಿ ಗಂಡನ ಚಿತೆಯೇರಿದ ತಿಮ್ಮಮ್ಮನ ಜಾಗದಲ್ಲಿ ಆ ಆಲದಮರ ಚಿಗುರಿತು ಎಂಬುದು ಐತಿಹ್ಯ. ಓವಿಡ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಮರವಾದರು, ಇಲ್ಲಿ ಮರವಾದವಳು ಹೆಂಡತಿಯೊಬ್ಬಳೇ.

ಒಂದು ಕಾಳೋ, ಏಳು ಕಾಳೋ?

ಹೀಗೆ ಹತ್ತು ಹನ್ನೆರಡು ಕಥೆ ಮುಗಿದ ಮೇಲೆ ಹೆರಾಕ್ಲೀಸ್, ಪರ್ಸಿಯಸ್, ಥೀಸಿಯಸ್‌ರಂಥ ವೀರರು, ನಂತರ ಟ್ರಾಯ್ ಯುದ್ಧ, ಒಡಿಸ್ಯೂಸನ ಮರುಪಯಣ, ಕಡೆಗೆ ರೋಮ್ ಎಂಬ ಕ್ರಮ ಹಿಡಿಯಿರಿ. ಉರಿಯುವ ಟ್ರಾಯ್‌ನಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಟ ಈನಿಯಸ್ ಶ್ರವಣಕುಮಾರನನ್ನು ನೆನಪಿಸುತ್ತಾನೆ. ಸೃಷ್ಟಿಯ ಅಧ್ಯಾಯಕ್ಕೆ ಈಗ ಮರಳಿದರೆ ಹೆಸರುಗಳೆಲ್ಲ ಪರಿಚಿತರ ಮುಖಗಳಾಗಿರುತ್ತವೆ.

ಓದುತ್ತಾ ಹೋದಂತೆ ಒಂದು ಪುಸ್ತಕದ ಕಥೆ ಇನ್ನೊಂದರಲ್ಲಿ ಬೇರೆಯಾಗಿ ಕಾಣುತ್ತದೆ. ಪಂಪನ ಭಾರತ ಒಂದು, ಕುಮಾರವ್ಯಾಸನದು ಇನ್ನೊಂದು ಎಂದು ಬಲ್ಲವರು ಇದಕ್ಕೆ ಗಾಬರಿಯಾಗಬೇಕಿಲ್ಲ. ಪರ್ಸೆಫನಿಯ ಕಥೆ ನೋಡಿ. ಪಾತಾಳದ ದೊರೆ ಅವಳನ್ನು ಹೊತ್ತೊಯ್ದಾಗ ತಾಯಿ ಡಿಮೀಟರ್, ಪೈರುಗಳ ದೇವತೆ, ಬಿತ್ತಿದ ಬೀಜ ಮೊಳೆಯದಂತೆ ಮಾಡುತ್ತಾಳೆ. ಮಳೆಗೆ ಕಾದು ಕಡಲೆಕಾಯಿ ಬಿತ್ತುವ ಅನಂತಪುರ ಸೀಮೆಯ ರೈತರಿಗೆ ಆ ಶಾಪದ ಭಾರ ಗೊತ್ತು. ಮಗಳು ಪಾತಾಳದಲ್ಲಿ ದಾಳಿಂಬೆ ತಿಂದಿದ್ದರಿಂದ ಪೂರ್ತಿಯಾಗಿ ಮರಳಲಾಗುವುದಿಲ್ಲ. ಹೋಮರನ ಹೆಸರಿನಲ್ಲಿರುವ ಪ್ರಾಚೀನ ಸ್ತೋತ್ರದಲ್ಲಿ ಅವಳು ತಿಂದದ್ದು ಒಂದೇ ಕಾಳು, ಪಾತಾಳವಾಸ ವರ್ಷದ ಮೂರನೇ ಒಂದು ಪಾಲು. ಓವಿಡ್‌ನ ‘ಮೆಟಮಾರ್ಫಸಿಸ್’ನಲ್ಲಿ ಏಳು ಕಾಳು, ಅರ್ಧ ವರ್ಷ. ಎರಡನ್ನೂ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ, ಯಾವುದು ಸರಿ ಎಂಬ ತೀರ್ಪು ಬೇಡ.

ಮಕ್ಕಳೊಂದಿಗೆ ಓದುವವರು ಇನ್ನೊಂದು ವಿಷಯ ಗಮನಿಸಬೇಕು. ಈ ಕಥೆಗಳಲ್ಲಿ ಹೆಣ್ಣಿನ ಮೇಲಿನ ಬಲಾತ್ಕಾರ ಮತ್ತೆ ಮತ್ತೆ ಬರುತ್ತದೆ. ಅಥೀನಾಳ ಗುಡಿಯಲ್ಲಿ ತಪ್ಪು ಮಾಡಿದವನು ಸಮುದ್ರದೇವ, ಹಾವುಗಳ ತಲೆಗೂದಲಿನ ಶಿಕ್ಷೆ ಅವನಿಗೆ ಬಲಿಯಾದ ಮೆಡೂಸಾಳಿಗೆ. ಚಿಕ್ಕವರಿಗೆ ಇಂಥವನ್ನು ಬಿಟ್ಟು ಓದಿ. ಹೈಸ್ಕೂಲು ದಾಟಿದವರೊಂದಿಗೆ ಅಹಲ್ಯೆಯ ಕಥೆಯನ್ನು ಪಕ್ಕದಲ್ಲಿಟ್ಟು ಮಾತಾಡಿ. ಮುಚ್ಚಿಡುವುದಕ್ಕಿಂತ ಅದು ಮೇಲು.

ಮುಂದಿನ ಓದು ಕನ್ನಡದಲ್ಲೇ

ಸಂಗ್ರಹ ಮುಗಿಸಿದವರಿಗೆ ಕನ್ನಡದಲ್ಲೇ ಮುಂದಿನ ಮೆಟ್ಟಿಲುಗಳಿವೆ. ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕಕಾರ ಸೊಫೊಕ್ಲೀಸ್‌ನ ‘ಏಜಾಕ್ಸ್’ ನಾಟಕದ ಅಚ್ಚಿನಲ್ಲಿ ಮಹಾಭಾರತದ ಕಥೆಯನ್ನು ಎರೆದು 1929ರಲ್ಲಿ ‘ಅಶ್ವತ್ಥಾಮನ್’ ಕೊಟ್ಟರು. ಚಿರಂಜೀವಿ ಎನಿಸಿದ ಅಶ್ವತ್ಥಾಮ ಅಲ್ಲಿ ಸಾಯುತ್ತಾನೆ. 1935ರ ‘ಪಾರಸಿಕರು’ ಈಸ್ಕಿಲಸ್‌ನ ನಾಟಕದ ಅನುವಾದ. ಶ್ರೀಕಂಠಯ್ಯನವರು ಇಂಗ್ಲಿಷ್ ಕಲಿಸುತ್ತಿದ್ದ ಮೈಸೂರಿನ ಮಹಾರಾಜ ಕಾಲೇಜಿನಲ್ಲೇ ಕಲ್ಯಾಣದುರ್ಗ ಸೀಮೆಯ ರಾಳ್ಲಪಲ್ಲಿ ಅನಂತಕೃಷ್ಣಶರ್ಮರು ತೆಲುಗು ಕಲಿಸುತ್ತಿದ್ದರು. ಶರ್ಮರು ಎರಡೂ ಭಾಷೆಗಳಲ್ಲಿ ಬರೆದವರು, ಈ ಗಡಿನಾಡಿನ ಓದುಗರಿಗೆ ಹತ್ತಿರದ ಮಾದರಿ.

ಈಡಿಪಸ್‌ನ ಕಥೆಯನ್ನು ಸಂಗ್ರಹದಲ್ಲಿ ಓದಿ ಬಿಡುವುದು ಸಾಲದು, ಪಿ. ಲಂಕೇಶರ ಕನ್ನಡದಲ್ಲಿ ಆ ಕಥೆಯ ನಾಟಕವನ್ನೂ ಓದಬೇಕು. ಓದಿದ ಮೇಲೊಮ್ಮೆ ಲೇಪಾಕ್ಷಿಗೆ ಹೋಗಿ. ವಿಜಯನಗರದ ಅರಸ ಅಚ್ಯುತರಾಯನ ಕಾಲದಲ್ಲಿ ವೀರಭದ್ರನ ಗುಡಿ ಕಟ್ಟಿಸಿದ ವಿರೂಪಣ್ಣ, ಬೊಕ್ಕಸದ ಹಣ ದುರುಪಯೋಗ ಮಾಡಿದನೆಂಬ ಆರೋಪಕ್ಕೆ ನೊಂದು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದ ಎಂಬುದು ಅಲ್ಲಿನ ಐತಿಹ್ಯ. ಈಡಿಪಸ್ ತನ್ನ ತಪ್ಪು ತಿಳಿದು ಕಣ್ಣು ಚುಚ್ಚಿಕೊಂಡ, ವಿರೂಪಣ್ಣ ತಾನು ತಪ್ಪು ಮಾಡಿಲ್ಲವೆಂದು ಸಾರಲು ಕಿತ್ತುಕೊಂಡ. ಅರ್ಧಕ್ಕೇ ನಿಂತ ಕಲ್ಯಾಣಮಂಟಪದ ಹತ್ತಿರದ ಗೋಡೆಯಲ್ಲಿ ಎರಡು ಕೆಂಪು ಕಲೆಗಳನ್ನು ಜನ ಇಂದಿಗೂ ತೋರಿಸುತ್ತಾರೆ.