ಗಾಳಿಯ ತಡೆ ಮತ್ತು ಸೈಕಲ್ ಸವಾರ: ಲಾಭವನ್ನು ಅಳೆಯುವ ಬಗೆ

ಹಂತ: ಪ್ರೌಢಶಾಲೆ (ವಿಜ್ಞಾನ, ಗಣಿತ)
ಉದ್ದೇಶ: ಬಲ, ವೇಗ, ಸಾಮರ್ಥ್ಯ ಇವುಗಳ ಸಂಬಂಧವನ್ನು ಅರಿಯುವುದು, ಒಂದೇ ಲಾಭವು ಬೇರೆ ಬೇರೆ ಅಳತೆಗಳಲ್ಲಿ ಬೇರೆ ಬೇರೆಯಾಗಿ ಕಾಣುವುದನ್ನು ಗುರುತಿಸುವುದು.

ಪೀಠಿಕೆ

ಎದುರುಗಾಳಿಯಲ್ಲಿ ಸೈಕಲ್ ತುಳಿದು ಶಾಲೆಗೆ ಬರುವ ವಿದ್ಯಾರ್ಥಿಗಳು ಯಾರೂ ಹೇಳಿಕೊಡದೆಯೇ ಬೆನ್ನು ಬಾಗಿಸುತ್ತಾರೆ. ಈ ಅನುಭವದಿಂದಲೇ ಪಾಠವನ್ನು ಆರಂಭಿಸಬಹುದು. ಬಳಿಕ ತರಗತಿಯ ಮುಂದೆ ಒಂದು ಪ್ರಶ್ನೆಯನ್ನಿಡಬೇಕು. ಈಜು, ಸೈಕಲ್ ಸವಾರಿ, ಓಟ ಇವು ಮೂರನ್ನೂ ಒಂದರ ಹಿಂದೊಂದರಂತೆ ಪೂರೈಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಗಾಳಿಯ ತಡೆಯನ್ನು ತಗ್ಗಿಸುವ ಹೆಲ್ಮೆಟ್, ಮೈಗಂಟಿದ ಉಡುಪು, ಮುಂಚಾಚಿದ ಹ್ಯಾಂಡಲ್ ಇವುಗಳಿಂದ ಅಲ್ಲಿನ ಹವ್ಯಾಸಿ ಸ್ಪರ್ಧಿಗೆ ಪ್ರಯೋಜನವುಂಟೇ? ಅವೆಲ್ಲ ಅತಿವೇಗದ ಸವಾರರಿಗೆ ಮಾತ್ರ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ನಾವು ಶಿಕ್ಷಕರೂ ಹಾಗೆಯೇ ಹೇಳಿಬಿಡುವುದುಂಟು. ಆ ಉತ್ತರವನ್ನು ಲೆಕ್ಕದಿಂದ ಪರೀಕ್ಷಿಸೋಣ.

ಒಂದು ಪ್ರಸಿದ್ಧ ನಿದರ್ಶನ

1989ರ ಜುಲೈ 23ರಂದು ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಕೊನೆಯ ಹಂತವು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ದೂರ ನಡೆಯಿತು. ಸವಾರರು ಒಬ್ಬೊಬ್ಬರಾಗಿ ಹೊರಡಬೇಕಿತ್ತು. ಫ್ರಾನ್ಸಿನ ಲೊರಾಂ ಫಿನ್ಯೊಂ 50 ಸೆಕೆಂಡು ಮುಂದಿದ್ದರು. ಅಮೆರಿಕದ ಗ್ರೆಗ್ ಲೆಮಾಂಡ್, ಟ್ರಯಥ್ಲಾನ್ ಸ್ಪರ್ಧಿಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಮುಂಚಾಚಿದ ಹ್ಯಾಂಡಲನ್ನೂ ಹಿಂದಕ್ಕೆ ಚೂಪಾದ ಹೆಲ್ಮೆಟನ್ನೂ ಬಳಸಿದರು. ಫಿನ್ಯೊಂ ಬರಿದಲೆಯಲ್ಲಿ ಸವಾರಿ ಮಾಡಿದರು. ಲೆಮಾಂಡ್ ಈ ಹಂತವನ್ನು 58 ಸೆಕೆಂಡು ಬೇಗ ಮುಗಿಸಿ, ಒಟ್ಟಾರೆ 8 ಸೆಕೆಂಡುಗಳಿಂದ ಗೆದ್ದರು.

ಇಷ್ಟರಿಂದಲೇ ಉಪಕರಣವು ಗೆಲ್ಲಿಸಿತೆಂದು ತೀರ್ಮಾನಿಸಲಾಗದು. ಫಿನ್ಯೊಂ ಆಗ ಸೀಟಿನ ಉಜ್ಜುವಿಕೆಯಿಂದಾದ ಹುಣ್ಣಿನಿಂದ ನರಳುತ್ತಿದ್ದರು. ಸವಾರರ ಬಲವೂ ಒಂದೇ ಅಲ್ಲ. ಒಂದಕ್ಕಿಂತ ಹೆಚ್ಚು ಅಂಶಗಳು ಬದಲಾದಾಗ ಕಾರಣವನ್ನು ಒಂದಕ್ಕೇ ಹೊರಿಸಬಾರದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ವಿಷಯ ನಿರೂಪಣೆ

ಗಾಳಿಯ ತಡೆಯ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಾಮರ್ಥ್ಯವು ಬಲ ಮತ್ತು ವೇಗಗಳ ಗುಣಲಬ್ಧ. ಆದುದರಿಂದ ವೇಗ ಇಮ್ಮಡಿಯಾದರೆ ಗಾಳಿಯ ತಡೆ 4 ಪಟ್ಟು, ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ 8 ಪಟ್ಟು ಆಗುತ್ತದೆ.

ಗಾಳಿ ಬೀಸದ ಸಮತಟ್ಟಾದ ರಸ್ತೆಯಲ್ಲಿ 40 ಕಿ.ಮೀ. ಸವಾರಿಯನ್ನು ಕಲ್ಪಿಸಿಕೊಳ್ಳೋಣ. ಚಕ್ರಗಳ ಉರುಳು ಘರ್ಷಣೆ ಇಬ್ಬರಿಗೂ 4 ನ್ಯೂಟನ್ ಇರಲಿ. ಗಂಟೆಗೆ 25 ಕಿ.ಮೀ. ವೇಗದ ಹವ್ಯಾಸಿಗೆ ಗಾಳಿಯ ತಡೆ 9.3 ನ್ಯೂಟನ್ ಎಂದಿಟ್ಟುಕೊಂಡರೆ, 40 ಕಿ.ಮೀ. ವೇಗದ ನುರಿತ ಸವಾರನಿಗೆ ಅದು ಸುಮಾರು 23.8 ನ್ಯೂಟನ್. ಬೇಕಾಗುವ ಸಾಮರ್ಥ್ಯ ಕ್ರಮವಾಗಿ ಸುಮಾರು 92 ಮತ್ತು 309 ವ್ಯಾಟ್.

ಉಪಕರಣ ಮತ್ತು ಭಂಗಿಗಳಿಂದ ಗಾಳಿಯ ತಡೆ 10% ಕಡಿಮೆಯಾಯಿತೆನ್ನೋಣ. ಅದೇ ವೇಗದಲ್ಲಿ ಹವ್ಯಾಸಿಗೆ ಉಳಿಯುವುದು ಸುಮಾರು 6 ವ್ಯಾಟ್, ನುರಿತವನಿಗೆ 26 ವ್ಯಾಟ್. ಸಾಮಾನ್ಯ ಉತ್ತರವು ಹುಟ್ಟುವುದು ಇಲ್ಲಿಯೇ. ಆದರೆ ಉಳಿದ ಸಾಮರ್ಥ್ಯವನ್ನು ವೇಗಕ್ಕೆ ಬಳಸಿದರೆ, ನುರಿತವನ 60 ನಿಮಿಷ 58ಕ್ಕೆ ಇಳಿಯುತ್ತದೆ. ಹವ್ಯಾಸಿಯ 96 ನಿಮಿಷ ಸುಮಾರು 93ಕ್ಕೆ ಇಳಿಯುತ್ತದೆ. ಶೇಕಡಾವಾರು ಲಾಭ ನುರಿತವನಿಗೆ ತುಸು ಹೆಚ್ಚು. ನಿಮಿಷಗಳ ಲಾಭ ಹವ್ಯಾಸಿಗೇ ಹೆಚ್ಚು. ಅವನು ರಸ್ತೆಯಲ್ಲಿ ಹೆಚ್ಚು ಹೊತ್ತು ಇರುವುದೇ ಇದಕ್ಕೆ ಕಾರಣ.

ಮಿತಿಗಳು

1. ಗಾಳಿಯ ತಡೆಯ ಬಹುಪಾಲು ಸವಾರನ ದೇಹದ್ದು. ಆದುದರಿಂದ ದುಬಾರಿ ಚಕ್ರಕ್ಕಿಂತ ಭಂಗಿಯ ತಿದ್ದುಪಡಿ ಮೊದಲು ಬರಬೇಕು.
2. ಅತಿಯಾಗಿ ಬಾಗಿದರೆ ಬೆನ್ನು ನೋಯಬಹುದು, ಉಸಿರು ಕಟ್ಟಬಹುದು; ಮುಂದೆ ಓಟವೂ ಉಳಿದಿದೆ. ಕಾಯ್ದುಕೊಳ್ಳಲಾಗದ ಭಂಗಿಯಿಂದ ಲಾಭವಿಲ್ಲ.
3. ಕಡಿದಾದ ಏರಿನಲ್ಲಿ ಗುರುತ್ವವೇ ಪ್ರಧಾನ. ಅಲ್ಲಿ ಈ ಲಾಭ ಅತ್ಯಲ್ಪ.

ಎಚ್ಚರಿಕೆ: ಮುಂಚಾಚಿದ ಹ್ಯಾಂಡಲ್ ಹಿಡಿದವರ ಕೈ ಬ್ರೇಕಿನಿಂದ ದೂರವಿರುತ್ತದೆ. ಈ ಪಾಠದಿಂದ ಉತ್ಸಾಹಗೊಂಡ ಮಕ್ಕಳು ಶಾಲೆಯ ದಾರಿಯಲ್ಲಿ ಆ ಭಂಗಿಯನ್ನು ಅನುಕರಿಸದಂತೆ ಮೊದಲೇ ತಿಳಿಹೇಳುವುದು ಶಿಕ್ಷಕರ ಹೊಣೆ.

ಮೌಲ್ಯಮಾಪನ

1. ವೇಗ 3 ಪಟ್ಟಾದರೆ ಗಾಳಿಯ ತಡೆಯೂ ಅದಕ್ಕೆ ಬೇಕಾದ ಸಾಮರ್ಥ್ಯವೂ ಎಷ್ಟು ಪಟ್ಟಾಗುತ್ತವೆ?
2. ವ್ಯಾಟ್, ಶೇಕಡಾ, ನಿಮಿಷ: ಈ ಮೂರು ಅಳತೆಗಳಲ್ಲಿ ಯಾರ ಲಾಭ ಹೆಚ್ಚು? ಕಾರಣಸಹಿತ ಬರೆಯಿರಿ.
3. ಲೆಮಾಂಡ್ ಅವರ ಗೆಲುವಿನಲ್ಲಿ ಉಪಕರಣದ ಪಾಲನ್ನು ಮಾತ್ರ ಅಳೆಯಬೇಕಾದರೆ ಪ್ರಯೋಗದಲ್ಲಿ ಯಾವ ಅಂಶಗಳನ್ನು ಸ್ಥಿರವಾಗಿಡಬೇಕು?

ಎರಡನೆಯ ಪ್ರಶ್ನೆಗೆ ಬರಿಯ ಹೆಸರನ್ನು ಬರೆದವರಿಗೆ ಪೂರ್ಣ ಅಂಕ ಸಲ್ಲದು. ಯಾವ ಅಳತೆಯಿಂದ ಆ ತೀರ್ಮಾನಕ್ಕೆ ಬಂದರೆಂಬುದನ್ನು ವಿದ್ಯಾರ್ಥಿಗಳು ಸ್ವಂತ ವಾಕ್ಯದಲ್ಲಿ ಹೇಳಬಲ್ಲರಾದರೆ ಪಾಠದ ಉದ್ದೇಶ ಈಡೇರಿದಂತೆ.